ಅಪ್‌ಡೇಟ್: ದೊಡ್ಡ ಟೈರ್ ಹಾಕಿದ ಮೇಲೆ ಟ್ರೈಲರ್ ಎಳೆಯದ ಜೀಪು

ಹೋದ ತಿಂಗಳು ಕೇಳಿದ್ದೆ: ಹಳೇ ಡೀಸೆಲ್ ಜೀಪಿಗೆ 215/75 ಆರ್15 ತೆಗೆದು 235/75 ಆರ್15 ಟೈರ್ ಹಾಕಿಸಿದ ಮೇಲೆ, ಕಾಫಿ ಮೂಟೆ ತುಂಬಿದ ಟ್ರೈಲರ್ ಜೊತೆ ತೋಟದ ಏರು ಹತ್ತುತ್ತಿಲ್ಲ, ಕ್ಲಚ್ ಸುಟ್ಟ ವಾಸನೆ ಬರ್ತಿದೆ, ಎಂಜಿನ್ ಸೋತಿದೆಯಾ ಅಂತ.

ಎಂಜಿನ್ ಚೆನ್ನಾಗಿಯೇ ಇದೆ. ಲೆಕ್ಕ ಹಾಕಿ ನೋಡಿದೆ. ಜೀಪು, ಟ್ರೈಲರ್, ಮೂಟೆ ಸೇರಿ ಸುಮಾರು 2,500 ಕೆಜಿ. ಏರು ಆರು ಅಡಿಗೆ ಒಂದಡಿ. ಗಂಟೆಗೆ 10 ಕಿ.ಮೀ.ನಲ್ಲಿ ಹತ್ತಲು ಬೇಕಾಗುವುದು 15 ಎಚ್‌ಪಿ, ಮಣ್ಣು ರಸ್ತೆಯ ಎಳೆತ ಸೇರಿಸಿದರೆ 20 ಅಂದುಕೊಳ್ಳಿ. ನನ್ನದು 60 ಎಚ್‌ಪಿ!

ತೊಂದರೆ ಇದ್ದದ್ದು ಗೇರಿಂಗ್‌ನಲ್ಲಿ, ಅಂದರೆ ಎಂಜಿನ್ ತಿರುಗುವ ಬಲ ಚಕ್ರದಲ್ಲಿ ಎಷ್ಟು ಎಳೆತವಾಗಿ ಸಿಗುತ್ತೆ ಅನ್ನುವುದರಲ್ಲಿ. ಹೊಸ ಚಕ್ರದ ಅಡ್ಡಳತೆ 703ರಿಂದ 733 ಮಿ.ಮೀ.ಗೆ ಏರಿದೆ. ಅಂದರೆ ನೆಲಕ್ಕೆ ಸಿಗುವ ಎಳೆತ ಶೇ. 4ರಷ್ಟು ಕಡಿಮೆ. ಸಣ್ಣದು ಅನ್ನಿಸುತ್ತೆ, ಅಲ್ವಾ? ಆದರೆ ಹಳೇ ಟೈರಿನಲ್ಲೂ ಫಸ್ಟ್ ಗೇರ್ ಅಂಚಿನಲ್ಲೇ ಇತ್ತು. ಎಂಜಿನ್ ಬಲ ಬರುವಷ್ಟು ತಿರುಗುವ ಮೊದಲೇ ನಾನು ಅರ್ಧ ಕ್ಲಚ್ ಒತ್ತಿಕೊಂಡು ಎಳೆಸುತ್ತಿದ್ದೆ.

ಈಗ ಏರಿನ ಬುಡದಲ್ಲೇ ನಿಲ್ಲಿಸಿ, ಇನ್ನೊಂದು ಲಿವರ್‌ನಿಂದ ಫೋರ್ ವೀಲ್ ಲೋ (ನಾಲ್ಕೂ ಚಕ್ರಕ್ಕೆ ಬಲ ಕೊಟ್ಟು, ವೇಗ ತಗ್ಗಿಸಿ ಎಳೆತ ಹೆಚ್ಚಿಸುವ ಗೇರು) ಹಾಕುತ್ತೇನೆ. ಎಳೆತ ಸುಮಾರು ಎರಡೂವರೆ ಪಟ್ಟು. ಸೆಕೆಂಡ್ ಗೇರಿನಲ್ಲೇ ಆರಾಮಾಗಿ ಹತ್ತುತ್ತೆ. ಇಳಿಯುವಾಗಲೂ ಅದೇ ಗೇರು, ಬ್ರೇಕ್ ಕಾಯುವುದಿಲ್ಲ. ಇಷ್ಟು ದಿನ ಆ ಲಿವರ್ ಕೆಸರಿಗೆ ಮಾತ್ರ ಅಂದುಕೊಂಡಿದ್ದೆ, ನಗಬೇಡಿ.

ಕ್ಲಚ್ ಪ್ಲೇಟ್ ಮಾತ್ರ ಬದಲಿಸಬೇಕಾಯ್ತು. ಟೈರ್ ಸವೆದ ಮೇಲೆ ಮತ್ತೆ 215ಕ್ಕೇ ವಾಪಸ್.