ಕರ್ಣ ಯಾಕೆ "ಕೌರವೇಂದ್ರನ ಕೊಂದೆ ನೀನು" ಅಂತಾನೆ?

ಹಳೆಪುಸ್ತಕ:
ಮಗಳ ಹತ್ತನೇ ಕ್ಲಾಸಿನ ಕನ್ನಡ ಪಾಠ ಓದಿಸುತ್ತಾ ಕೂತಿದ್ದೆ. ಕುಮಾರವ್ಯಾಸನ ಉದ್ಯೋಗಪರ್ವ, ಕೃಷ್ಣ ಕರ್ಣನಿಗೆ ಜನ್ಮರಹಸ್ಯ ಹೇಳುವ ಭಾಗ. ಗೈಡಿನಲ್ಲಿ "ಕೃಷ್ಣ ಆಮಿಷ ಒಡ್ಡಿದ, ಕರ್ಣ ಸ್ವಾಮಿನಿಷ್ಠೆ ಬಿಡಲಿಲ್ಲ" ಅಂತ ಎರಡು ಸಾಲು, ಮುಗೀತು. ಆದರೆ ತಾನು ಕುಂತಿಯ ಮಗ ಅಂತ ಆಗಷ್ಟೇ ಗೊತ್ತಾದವನು ಅಮ್ಮನ ಬಗ್ಗೆ ಒಂದು ಮಾತೂ ಕೇಳದೆ, ನೀನು ದುರ್ಯೋಧನನನ್ನು ಕೊಂದೆ ಅಂತಾನಲ್ಲ! ಇದನ್ನು ಮನಃಶಾಸ್ತ್ರದ ಕಡೆಯಿಂದ ನೋಡಬೇಕಾ, ಅಥವಾ ಇದು ಬರೀ ಕವಿಯ ಮಾತಿನ ಚಮತ್ಕಾರವಾ?

ಜಗಲಿಕಟ್ಟೆ:
ಎರಡನ್ನೂ ಬೇರೆ ಮಾಡೋಕೆ ಆಗಲ್ಲ ಅನಿಸುತ್ತೆ. ಕೃಷ್ಣ ಏನೇನು ಮಾಡುತ್ತಾನೆ ಅಂತ ವರಸೆಯಾಗಿ ನೋಡಿ. ಮೊದಲು ಮೈದುನ ಅಂತ ಸರಸ, ಎಳೆದು ರಥದಲ್ಲಿ ಪಕ್ಕ ಕೂರಿಸಿಕೊಳ್ಳೋದು, ತೊಡೆ ಸೋಂಕುವಷ್ಟು ಹತ್ತಿರ. ಆಮೇಲೆ "ಕಿವಿಯಲಿ ಬಿತ್ತಿದನು ಭಯವ". ಬಿತ್ತೋದು! ಈಗ ಹಾಕಿದರೆ ಆಮೇಲೆ ತಾನೇ ಮೊಳೆಯುತ್ತೆ. ನಂತರ ರಾಜ್ಯದ ಆಸೆ, ಅದರ ಬೆನ್ನಿಗೇ ಅವಮಾನ: ದುರ್ಯೋಧನನ "ಬಾಯ್ದಂಬುಲಕೆ" (ಅವನು ಅಗಿದ ತಾಂಬೂಲಕ್ಕೆ) ಕೈಯೊಡ್ಡುತ್ತೀಯಾ? ಅರಿಸ್ಟಾಟಲ್ ಕೂಡ ಭಾಷಣಕಲೆಯ ಬಗ್ಗೆ ಬರೆದ ಪುಸ್ತಕದ ಎರಡನೇ ಭಾಗದಲ್ಲಿ ಕೋಪ, ಭಯ, ನಾಚಿಕೆ ಹೇಗೆ ಹುಟ್ಟುತ್ತವೆ ಅಂತಲೇ ಪುಟಗಟ್ಟಲೆ ಹೇಳುತ್ತಾನೆ. ಕೇಳುವವನ ಮನಸ್ಸು ಗೊತ್ತಿಲ್ಲದೆ ಒಪ್ಪಿಸೋದು ಹೇಗೆ?

ಮಳೆಬಿಲ್ಲು:
ಒಪ್ಪಿದೆ, ಆದರೆ ದಯವಿಟ್ಟು ಕರ್ಣನಿಗೆ ಆ ಕಾಂಪ್ಲೆಕ್ಸು ಈ ಕಾಂಪ್ಲೆಕ್ಸು ಅಂತ ಚೀಟಿ ಅಂಟಿಸಬೇಡಿ. ಅವನು ಪೇಷೆಂಟ್ ಅಲ್ಲ, ಪದ್ಯ. ಅವನ ಬಾಲ್ಯ ನಮಗೆ ಸಿಗೋದು ಕವಿ ಹೇಳಿದಷ್ಟೇ. ವ್ಯಾಸರ ಸಂಸ್ಕೃತ ಮಹಾಭಾರತದಲ್ಲಿ ಕೃಷ್ಣ ಹೇಳಿದಾಗ ಕರ್ಣ ಇದೆಲ್ಲ ನನಗೆ ಗೊತ್ತು ಅಂತಾನೆ, ಸಾಕಿದ ರಾಧೆ, ಅಧಿರಥರನ್ನು ನೆನೆಯುತ್ತಾನೆ. ಕುಮಾರವ್ಯಾಸ ಅದನ್ನು ಆಘಾತ ಮಾಡಿದ. "ಕೊರಳ ಸೆರೆ ಹಿಗ್ಗಿದವು", ಅಂದರೆ ಕತ್ತಿನ ನರ ಉಬ್ಬಿದವು, ಕಣ್ಣೀರು ಬಂತು, ಮಾತು ಮಾತ್ರ ಬರಲಿಲ್ಲ. ಮೊದಲ ಮಾತು ಮನಸ್ಸಿನೊಳಗೇ: ಅಯ್ಯೋ, ಕುರುಪತಿಗೆ ಕೇಡಾಯ್ತು. ಇನ್ನು ಆ ಐವರ ಮೇಲೆ ಮೊದಲಿನ ಹಾಗೆ ಬಾಣ ಬಿಡೋಕೆ ಕೈ ಬರಲ್ಲ ಅಂತ ಅವನಿಗೆ ಹೊಳೆದಿದೆ, ಅಲ್ವಾ?

ಹಳೆಪುಸ್ತಕ:
ಓಹ್, ಹಾಗಾದರೆ ಅವನು ರಾಜ್ಯ ಬೇಡ ಅಂದರೂ ಕೃಷ್ಣನ ಕೆಲಸ ಆಗಿಹೋಯ್ತು!

ಜಗಲಿಕಟ್ಟೆ:
ಅದೇ ನೋಡಿ. ರಾಜ್ಯ ಕೊಡ್ತೀನಿ ಅನ್ನೋದು ಬರೀ ನೆಪ. ಕರ್ಣನೇ ಒಳಗೊಳಗೆ "ತನ್ನ ವಂಶವನರುಹಿ ಕೊಂದನು" ಅಂತ ನೋಯುತ್ತಾನೆ. ಆಮೇಲೆ ಕೃಷ್ಣನ ಎದುರು ಹೇಳುವಾಗ ಕೊಂದದ್ದು ನನ್ನನ್ನು ಅನ್ನಲ್ಲ, ಕೌರವೇಂದ್ರನನ್ನು ಅಂತಾನೆ. ತನ್ನ ನೋವನ್ನೂ ಒಡೆಯನ ಲೆಕ್ಕಕ್ಕೇ ಬರೆಯೋ ಮನುಷ್ಯ. ಪರೀಕ್ಷೆಯಲ್ಲಿ ಮಾತ್ರ ಮಗಳು ಸ್ವಾಮಿನಿಷ್ಠೆ ಅಂತಲೇ ಬರೆಯಲಿ, ಮಾರ್ಕ್ಸ್ ಇರೋದು ಅದಕ್ಕೇ :)