ಬೋಮನ್ಸ್ ಹಿಲ್ ಕಾಡುಹೂಗಳು: ಏಪ್ರಿಲ್‌ನಲ್ಲಿ ಒಂದು ದಿನ ಹೋಗಿಬರೋಕೆ ಏನು ಗೊತ್ತಿರಬೇಕು?

ಕೇಳಿದ್ದು: ಅಮೆರಿಕದ ಪೆನ್ಸಿಲ್ವೇನಿಯಾದ ನ್ಯೂ ಹೋಪ್ ಹತ್ತಿರದ ಬೋಮನ್ಸ್ ಹಿಲ್ ವೈಲ್ಡ್‌ಫ್ಲವರ್ ಪ್ರಿಸರ್ವ್‌ಗೆ (ಕಾಡುಹೂಗಳ ರಕ್ಷಿತ ತಾಣ) ಹೋಗೋಣ ಅಂತಿದೀವಿ. ಜೊತೆಗೆ ಅಪ್ಪ, ಅಮ್ಮ, ಆರು ವರ್ಷದ ಮಗಳು. ಯಾವ ವಾರ, ಎಷ್ಟು ಹೊತ್ತಿಗೆ ಹೋದರೆ ಒಳ್ಳೇದು? ಯಾವುದನ್ನು ನೋಡಬೇಕು, ಯಾವುದಕ್ಕೆ ಹುಷಾರಾಗಿರಬೇಕು?

ಉತ್ತರ 1: ಏಪ್ರಿಲ್ ಮಧ್ಯದಿಂದ ಮೇ ಮೊದಲ ವಾರ. ಈ ಹೂಗಳ ಆಟವೆಲ್ಲ ಮೇಲಿನ ಮರಗಳು ಎಲೆ ಬಿಡೋವರೆಗೆ ಮಾತ್ರ. ಬೋಳು ಕೊಂಬೆಗಳ ನಡುವೆ ಬಿಸಿಲು ನೆಲಕ್ಕೆ ಬೀಳುವ ಆ ಕೆಲವೇ ವಾರಗಳಲ್ಲಿ ಎಲೆ, ಹೂ, ಬೀಜ ಎಲ್ಲ ಮುಗಿಸಿ ಬೇಸಿಗೆ ಹೊತ್ತಿಗೆ ಎಷ್ಟೋ ಗಿಡಗಳು ಮಣ್ಣೊಳಗೆ ಅಡಗಿಬಿಡುತ್ತವೆ. ಚಳಿ ಜಗ್ಗಿದರೆ ವಾರ-ಹತ್ತು ದಿನ ತಡ, ಬೇಗ ಬಿಸಿಲೇರಿದರೆ ಅಷ್ಟೇ ಮುಂಚೆ. ಅದಕ್ಕೆ ಒಂದೇ ತಾರೀಖು ಗಟ್ಟಿ ಮಾಡಬೇಡಿ, ಎರಡು ವಾರಾಂತ್ಯ ಕೈಯಲ್ಲಿಟ್ಟುಕೊಳ್ಳಿ.

ಎಲ್ಲ ಹೂವೂ ಒಂದೇ ದಿನ ಸಿಗಲ್ಲ. ಬ್ಲಡ್‌ರೂಟ್ ಮೊದಲೇ ಬಂದು ಹೋಗುತ್ತೆ. ಒಂದು ಜೋರು ಮಳೆ ಬಂದರೆ ಎಸಳೆಲ್ಲ ನೆಲದ ಮೇಲೆ. ವರ್ಜೀನಿಯಾ ಬ್ಲೂಬೆಲ್ ಸಾಮಾನ್ಯವಾಗಿ ಏಪ್ರಿಲ್ ಉತ್ತರಾರ್ಧಕ್ಕೆ. ಅಲ್ಲಿಂದ ಮೇವರೆಗೆ ಟ್ರಿಲಿಯಮ್.

ಬೆಳಿಗ್ಗೆ ಎಂಟಕ್ಕೇ ಹೋಗಿ ನಿಲ್ಲಬೇಡಿ. ಬ್ಲಡ್‌ರೂಟ್, ಹೆಪಾಟಿಕಾ, ಸ್ಪ್ರಿಂಗ್ ಬ್ಯೂಟಿ ಇವೆಲ್ಲ ರಾತ್ರಿ ಮುಚ್ಚಿಕೊಳ್ಳುತ್ತವೆ, ಮೋಡ ಕವಿದ ದಿನ ಪೂರ್ತಿ ಬಿಚ್ಚಲ್ಲ. ಬಿಸಿಲಿರೋ ದಿನ 11ರಿಂದ 3ರ ನಡುವೆ ಹೋಗಿ.

ಉತ್ತರ 2: ನೋಡೋದು ಹೇಗೆ ಅಂದರೆ, ಕೂತು ನೋಡಬೇಕು. ನಿಂತು ನೋಡಿದರೆ ಎಲ್ಲ ಬರೀ ಬಿಳಿ ಚುಕ್ಕೆ. ಸ್ಪ್ರಿಂಗ್ ಬ್ಯೂಟಿಯ ಐದು ಎಸಳಿನ ಮೇಲೂ ಕೂದಲೆಳೆಯಂಥ ಗುಲಾಬಿ ಗೆರೆಗಳಿರುತ್ತವೆ, ಜೇನುಹುಳಕ್ಕೆ ಮಕರಂದದ ದಾರಿ. ಬ್ಲೂಬೆಲ್‌ನ ಮೊಗ್ಗು ಗುಲಾಬಿ, ಅರಳಿದ ಹೂ ನೀಲಿ, ಒಂದೇ ಗೊಂಚಲಲ್ಲಿ ಎರಡೂ. ಬ್ಲಡ್‌ರೂಟ್‌ನ ಎಲೆ ಶಾಲು ಹೊದ್ದಂತೆ ಹೂದಂಟನ್ನು ಸುತ್ತಿಕೊಂಡೇ ಮೇಲೆ ಬರುತ್ತೆ.

ಟ್ರೌಟ್ ಲಿಲಿಯ ಮಚ್ಚೆ ಎಲೆ ನೂರಾರು ಕಾಣುತ್ತೆ, ಹೂ ಬೆರಳೆಣಿಕೆಯಷ್ಟು. "ಸೀಸನ್ ಮುಗಿದೋಯ್ತು" ಅಂದ್ಕೋಬೇಡಿ. ಒಂಟಿ ಎಲೆಯವು ಇನ್ನೂ ಎಳೆಯವು, ಜೋಡಿ ಎಲೆ ಇದ್ದರೆ ಮಾತ್ರ ಹೂ. ಮೇಆಪಲ್‌ದೂ ಅದೇ ಲೆಕ್ಕ: ಕೊಡೆಯಂಥ ಎರಡು ಎಲೆ ಸೇರುವ ಕವಲಲ್ಲಿ, ಕೆಳಗೆ, ಒಂದೇ ಒಂದು ಹೂ. ಮಗಳ ಎತ್ತರಕ್ಕೆ ಹೇಳಿ ಮಾಡಿಸಿದ ಹುಡುಕಾಟ. ಟ್ರಿಲಿಯಮ್‌ನಲ್ಲಿ ಮೂರು ಮೂರು ಎಣಿಸೋಕೆ ಹೇಳಿ: ಎಲೆ, ಪುಷ್ಪಪತ್ರ (ಎಸಳಿನ ಹೊರಗಿನ ಹಸಿರು ಸುತ್ತು), ಎಸಳು. ಆದರೆ ಕೀಳೋಕೆ ಬಿಡಬೇಡಿ. ಬೀಜದಿಂದ ಹೂವಿಗೆ ಬರೋಕೆ ಅದಕ್ಕೆ ಏಳು ವರ್ಷವಾದರೂ ಬೇಕು, ಹೂವಿನ ಜೊತೆ ಎಲೆಯೂ ಹೋದರೆ ಆ ವರ್ಷದ ಊಟವೇ ಹೋಯಿತು.

ಜಾಕ್-ಇನ್-ದ-ಪುಲ್ಪಿಟ್ ನಮ್ಮ ಕೆಸುವಿನ ವಂಶ. ಬಾಯಿಗೆ ಹೋದರೆ ಹಸಿ ಸುವರ್ಣಗೆಡ್ಡೆ ತಿಂದ ಹಾಗೆ ತುರಿಕೆ.

ಉತ್ತರ 3: ಒಂದು ಸೇರಿಸ್ತೀನಿ. ಆ ಸೀಮೆಯಲ್ಲಿ ಈ ಕಾಲಕ್ಕೆ ತೊರೆಗಳ ಪಕ್ಕ ಹಳದಿ ಹಾಸು ಕಂಡರೆ ಎಲ್ಲರೂ ಫೋಟೋಗೆ ಮುಗಿಬೀಳ್ತಾರೆ. ಅದು ಬಹಳ ಸಲ ಯುರೋಪಿನಿಂದ ಬಂದ ಲೆಸ್ಸರ್ ಸೆಲಂಡೈನ್, ಇಲ್ಲಿನ ಗಿಡಗಳ ಜಾಗ ನುಂಗುವ ಕಳೆ. ಸ್ಥಳೀಯವಾದದ್ದು ಮಾರ್ಷ್ ಮಾರಿಗೋಲ್ಡ್. ಬಗ್ಗಿ ಹೂವಿನ ಅಡಿ ನೋಡಿ: ಮೂರು ಹಸಿರು ಪುಷ್ಪಪತ್ರ ಇದ್ದರೆ ಸೆಲಂಡೈನ್, ಹಸಿರೇ ಇಲ್ಲದಿದ್ದರೆ ಮಾರ್ಷ್ ಮಾರಿಗೋಲ್ಡ್. ಎತ್ತರದಲ್ಲೂ ಗೊತ್ತಾಗುತ್ತೆ. ಸೆಲಂಡೈನ್ ನೆಲಕ್ಕೆ ಚಾಪೆ, ಮಾರಿಗೋಲ್ಡ್ ಎದ್ದು ನಿಂತ ಪೊದೆ.

ಉತ್ತರ 4: ಹೂವಿಗಿಂತ ಉಣುಗಿನ ವಿಚಾರ ಮುಖ್ಯ, ಯಾರೂ ಹೇಳಲಿಲ್ಲ. ಲೈಮ್ ಅನ್ನೋ ಬ್ಯಾಕ್ಟೀರಿಯಾ ಕಾಯಿಲೆ ಹರಡುವ ಡೀರ್ ಟಿಕ್ ಅನ್ನೋ ಉಣುಗು ಆ ಕಡೆ ಜಾಸ್ತಿ, ಏಪ್ರಿಲ್‌ನಲ್ಲೂ ಇರುತ್ತೆ. ತಿಳಿ ಬಣ್ಣದ ಉದ್ದ ಪ್ಯಾಂಟ್ ಹಾಕಿ ಕಾಲುಚೀಲದೊಳಗೆ ಸಿಕ್ಕಿಸಿ. 0.5% ಪರ್ಮೆತ್ರಿನ್ (ಉಣುಗು ಕೊಲ್ಲುವ ಔಷಧಿ) ಬಟ್ಟೆ-ಶೂಗೆ ಮಾತ್ರ, ಹಿಂದಿನ ದಿನವೇ ಹೊಡೆದು ಪೂರ್ತಿ ಒಣಗಿಸಿ, ಚರ್ಮಕ್ಕೆ ಬೇಡ. ಮನೆಗೆ ಬಂದ ಮೇಲೆ ಬಟ್ಟೆಯನ್ನು ತೊಳೆಯುವ ಮೊದಲೇ ಡ್ರೈಯರ್‌ನಲ್ಲಿ ಜೋರು ಬಿಸಿಗೆ 10 ನಿಮಿಷ ತಿರುಗಿಸಿ. ನೀರಲ್ಲಿ ಬದುಕೋ ಉಣುಗು ಒಣ ಬಿಸಿಗೆ ಸಾಯುತ್ತೆ. ಸ್ನಾನ ಮಾಡಿ ಮಂಡಿ ಹಿಂದೆ, ಸೊಂಟ, ತೊಡೆಸಂದಿ, ಕಂಕುಳು, ಕಿವಿ ಹಿಂದೆ, ಮಗುವಿನ ಕೂದಲ ಬುಡ ಸವರಿ ನೋಡಿ. ಕಚ್ಚಿಕೊಂಡಿದ್ದರೆ ಚೂಪು ಚಿಮುಟದಿಂದ ಚರ್ಮಕ್ಕೆ ತಾಗುವಲ್ಲೇ ಹಿಡಿದು ನೇರ ಮೇಲಕ್ಕೆ ಎಳೀರಿ. ತಿರುಚಬೇಡಿ, ಎಣ್ಣೆ-ಬೆಂಕಿಕಡ್ಡಿ ಪ್ರಯೋಗ ಬೇಡ. ಸಾಮಾನ್ಯವಾಗಿ 24 ಗಂಟೆಗೂ ಹೆಚ್ಚು ಅಂಟಿಕೊಂಡಿದ್ದರೇ ಸೋಂಕು ದಾಟೋದು, ಹಾಗಾಗಿ ಅದೇ ದಿನದ ತಪಾಸಣೆಗೇ ಬೆಲೆ.

ಮುಟ್ಟಿದರೆ ಚರ್ಮಕ್ಕೆ ತುರಿಕೆಯ ದದ್ದು ಏಳಿಸುವ ಪಾಯ್ಸನ್ ಐವಿ ಗಿಡದ ಎಳೆ ಎಲೆ ಏಪ್ರಿಲ್ ಕೊನೆಗೆ ಕೆಂಪಗೆ ಹೊಳೀತಿರುತ್ತೆ: ಮೂರೆಲೆ, ನಡುವಿನದಕ್ಕೆ ಉದ್ದ ತೊಟ್ಟು. ಮರಕ್ಕೆ ಹಬ್ಬಿದ ರೋಮ ರೋಮದ ಬಳ್ಳಿ ಎಲೆ ಇಲ್ಲದಿದ್ದರೂ ಅದೇ, ಒರಗಬೇಡಿ. ತಾಗಿದರೆ ತಕ್ಷಣ ಸೋಪು ಹಾಕಿ ತೊಳೀರಿ.

ಉತ್ತರ 5: ಜಾಗ 134 ಎಕರೆ ಇದೆ, ಪೂರ್ತಿ ಸುತ್ತೋ ಹಟ ಬೇಡ. ಪಿಡ್‌ಕಾಕ್ ತೊರೆ ಕಡೆ ಇಳಿದಷ್ಟೂ ವಾಪಸ್ ಹತ್ತಬೇಕು ಅನ್ನೋದು ನೆನಪಿರಲಿ. ಅಪ್ಪ-ಅಮ್ಮನಿಗೆ ಒಂದು ಊರುಗೋಲು, ಹಿಡಿತವಿರೋ ಶೂ. ಬಾಗಿಲಲ್ಲೇ "ಇವತ್ತು ಯಾವ ದಾರೀಲಿ ಏನು ಅರಳಿದೆ" ಅಂತ ಕೇಳಿ, ಆ ಒಂದು-ಎರಡು ದಾರಿ ಮಾತ್ರ ನಿಧಾನ ನಡೀರಿ. ಎರಡು ಗಂಟೆ ಧಾರಾಳ. ಹೋಗುವ ಮುನ್ನವೂ ಬಂದ ಮೇಲೂ ಶೂ ಅಡಿಯ ಮಣ್ಣನ್ನು ಬ್ರಷ್‌ನಿಂದ ಉಜ್ಜಿ. ಗಾರ್ಲಿಕ್ ಮಸ್ಟರ್ಡ್‌ನಂಥ ಕಳೆಯ ಬೀಜ ಆ ಕೆಸರಲ್ಲೇ ಸವಾರಿ ಮಾಡೋದು.