ವಿದ್ಯುತ್ ಬಲದ ನಿಯಮ: ‘ಆವೇಶಕ್ಕೆ ಅನುಗುಣ’ ಎಂದರೆ ಸಾಕೇ?

ಕಾಸರಗೋಡಿನ ಕನ್ನಡ ಮಾಧ್ಯಮದ ಹೈಸ್ಕೂಲು ಮಕ್ಕಳಿಗಾಗಿ ಸಿದ್ಧವಾಗುತ್ತಿರುವ ಭೌತಶಾಸ್ತ್ರದ ಟಿಪ್ಪಣಿಯೊಂದನ್ನು ತಿದ್ದುವಾಗ “ಎರಡು ವಸ್ತುಗಳ ನಡುವಿನ ವಿದ್ಯುತ್ ಬಲವು ಅವುಗಳ ಆವೇಶಕ್ಕೆ ಅನುಗುಣವಾಗಿರುತ್ತದೆ” ಎಂಬ ವಾಕ್ಯ ಸಿಕ್ಕಿತು. ಇಲ್ಲಿ ‘ಆವೇಶ’ ಎಂದರೆ ಇಂಗ್ಲಿಷಿನ ‘ಎಲೆಕ್ಟ್ರಿಕ್ ಚಾರ್ಜ್’. ವ್ಯಾಕರಣದ ದೋಷವೇನೂ ಇಲ್ಲ. ಆದರೆ ಫ್ರಾನ್ಸಿನ ಭೌತವಿಜ್ಞಾನಿ ಕೂಲಂಬ್ 1785ರಲ್ಲಿ ತಿರುಚು ತಕ್ಕಡಿಯ (ತಂತಿ ಎಷ್ಟು ತಿರುಚಿತೆಂಬುದರಿಂದ ಬಲ ಅಳೆಯುವ ಉಪಕರಣ) ಪ್ರಯೋಗಗಳಿಂದ ಮುಂದಿಟ್ಟ ನಿಯಮವನ್ನು ಈ ವಾಕ್ಯ ಹೇಳುತ್ತದೆಯೇ ಎಂಬುದು ನನ್ನ ಸಂದೇಹ.

‘ಆದಾಯಕ್ಕೆ ಅನುಗುಣವಾಗಿ ಖರ್ಚು’ ಎನ್ನುವಾಗ ನಾವು ಹೊಂದಿಕೆಯನ್ನಷ್ಟೇ ಸೂಚಿಸುತ್ತೇವೆ; ಆದಾಯ ಇಮ್ಮಡಿಯಾದರೆ ಖರ್ಚೂ ಇಮ್ಮಡಿಯಾಗಲೇಬೇಕೆಂದು ಯಾರೂ ಅರ್ಥಮಾಡುವುದಿಲ್ಲ. ವಿದ್ಯುತ್ ಬಲದಲ್ಲಾದರೋ ಲೆಕ್ಕ ಖಚಿತ: ದೂರ ಬದಲಾಗದಿದ್ದರೆ, ಒಂದು ಆವೇಶ ಇಮ್ಮಡಿಯಾದಾಗ ಬಲವೂ ಇಮ್ಮಡಿ, ಎರಡೂ ಇಮ್ಮಡಿಯಾದಾಗ ನಾಲ್ಮಡಿ.

ಇದಕ್ಕಿಂತ ದೊಡ್ಡ ತೊಡಕು ‘ಅವುಗಳ ಆವೇಶಕ್ಕೆ’ ಎಂಬಲ್ಲಿದೆ. ಎರಡು ಆವೇಶಗಳನ್ನು ಗುಣಿಸುವ ಬದಲು ಕೂಡಿಸಬೇಕೆಂದು ವಿದ್ಯಾರ್ಥಿ ತಿಳಿದರೆ ಅವನನ್ನು ದೂರುವಂತಿಲ್ಲ. ಗಾಳಿಯಲ್ಲಿ, ಕೇಂದ್ರದಿಂದ ಕೇಂದ್ರಕ್ಕೆ 10 ಸೆಂಟಿಮೀಟರ್ ದೂರವಿರುವ ಎರಡು ಪುಟ್ಟ ಗೋಲಗಳಲ್ಲಿ ತಲಾ 20 ನ್ಯಾನೊಕೂಲಂಬ್ ಆವೇಶವಿದ್ದರೆ ಬಲ ಸುಮಾರು 0.36 ಮಿಲಿನ್ಯೂಟನ್, ಒಂದರಲ್ಲಿ 10, ಇನ್ನೊಂದರಲ್ಲಿ 30 ಇದ್ದರೆ ಮೊತ್ತ ಅದೇ 40 ಆದರೂ ಬಲ 0.27ಕ್ಕೆ ಇಳಿಯುತ್ತದೆ. ಆ 0.27 ಕೂಡ ಎರಡೂ ಗೋಲಗಳ ಮೇಲೆ ಸಮನಾಗಿ, ವಿರುದ್ಧ ದಿಕ್ಕಿನಲ್ಲಿ ಇರುತ್ತದೆಯೇ ಹೊರತು, ಹೆಚ್ಚು ಆವೇಶವುಳ್ಳದ್ದರ ಮೇಲೆ ಹೆಚ್ಚು ಬಲ ಬೀಳುವುದಿಲ್ಲ. ಟಿಪ್ಪಣಿಯ ವಾಕ್ಯ ಈ ತಪ್ಪು ಗ್ರಹಿಕೆಗೂ ಎಡೆಗೊಡುತ್ತದೆ.

‘ಆವೇಶ’ವೂ ನಮ್ಮ ಕಡೆ ನಿರಪಾಯದ ಪದವಲ್ಲ. ದೈವ ಮೈಮೇಲೆ ಬರುವುದಕ್ಕೂ ‘ಆವೇಶ’ ಎನ್ನುವುದರಿಂದ, ಭೂತಕೋಲ, ತೆಯ್ಯಂ ನೋಡಿ ಬೆಳೆದ ಮಕ್ಕಳೆದುರು ‘ಆವೇಶ ಹೆಚ್ಚಿದಷ್ಟೂ ಬಲ ಹೆಚ್ಚು’ ಎಂದರೆ ತರಗತಿ ನಗದೆ ಇರುವುದಿಲ್ಲ. ‘ವಿದ್ಯುದಾವೇಶ’ ಎಂದು ಪೂರ್ತಿಯಾಗಿ ಬರೆಯುವುದು ಲೇಸೆಂದು ನನ್ನ ಅಭಿಪ್ರಾಯ. ‘ವಿದ್ಯುದಂಶ’ ಎಂದರೂ ಆದೀತು.

ಸದ್ಯಕ್ಕೆ ಹೀಗೆ ತಿದ್ದಿದ್ದೇನೆ: “ನಿರ್ದಿಷ್ಟ ದೂರದಲ್ಲಿರುವ ಎರಡು ಬಿಂದು ವಿದ್ಯುದಾವೇಶಗಳ ನಡುವಿನ ಬಲವು ಅವುಗಳ ಪರಿಮಾಣಗಳ ಗುಣಲಬ್ಧಕ್ಕೆ ನೇರ ಅನುಪಾತದಲ್ಲಿರುತ್ತದೆ.” ಮುಂದಿನ ವಾಕ್ಯದಲ್ಲಿ ದೂರದ ವರ್ಗಕ್ಕೆ ‘ವಿಲೋಮಾನುಪಾತ’ ಬರುವುದರಿಂದ ಇಲ್ಲಿ ‘ಅನುಲೋಮಾನುಪಾತ’ ಎಂದರೆ ಜೋಡಿ ಸರಿಹೊಂದುತ್ತದೆ, ಆದರೆ ಹತ್ತನೆಯ ತರಗತಿಯ ನಾಲಗೆಗೆ ಅದು ಭಾರವೆನಿಸುತ್ತದೆ. ಪಾಠ ಹೇಳುವವರು ‘ನೇರ ಅನುಪಾತ’, ‘ಅನುಲೋಮಾನುಪಾತ’ ಇವೆರಡರಲ್ಲಿ ಯಾವುದನ್ನು ಬಳಸುತ್ತಿದ್ದೀರಿ, ಮತ್ತು ‘ಗುಣಲಬ್ಧ’ಕ್ಕೆ ಬದಲಾಗಿ ಇನ್ನೂ ಸುಲಭವಾದ ಪದ ರೂಢಿಯಲ್ಲಿದೆಯೇ?